ಇಬ್ಬನಿ ಕವಿಯುವುದಿಲ್ಲ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಕೊನೆಯ ಲಾಂಚ್ ಹೊರಡುವುದಿಲ್ಲ ಎಂದು ತಿಳಿದ ಮೇಲೆ, ಹೊಳೆ ದಾಟಬೇಕಿದ್ದ ನಾವು ಏಳೆಂಟು ಮಂದಿ ಜೆಟ್ಟಿಯ ಪಕ್ಕದ ಪ್ರಯಾಣಿಕರ ಕೋಣೆಯಲ್ಲಿ, ನೆಲವೆಲ್ಲ ಒದ್ದೆಯಾಗಿದ್ದರಿಂದ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದೆವು. ಮೂಲೆಯಲ್ಲಿ ಗಂಡಸರ ಉಣ್ಣೆ ಕೋಟು ತೊಟ್ಟ ಒಬ್ಬ ಮುದುಕಿ ಕಣ್ಣು ಮುಚ್ಚಿ ಒರಗಿದ್ದಳು. ಎಲ್ಲರೂ ಅವಳನ್ನು ಲಾಂಚಜ್ಜಿ ಎನ್ನುತ್ತಿದ್ದರು. ಕೂದಲು ಹಣ್ಣಾಗುವವರೆಗೂ ಇದೇ ಹೊಳೆಯಲ್ಲಿ ಲಾಂಚ್ ನಡೆಸಿದವಳು. ಟಿಕೆಟ್ ಕೊಡುವ ಹುಡುಗಿ ಅವಳ ಮೊಮ್ಮಗಳು.

ಆ ಹುಡುಗಿ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಬಂದವಳೇ ನಮಗೆ ಕಣ್ಣು ಮಿಟುಕಿಸಿ, "ಅಜ್ಜೀ, ಹೊರಗಡೆ ಏನ್ ಮಂಜು ಬಿದ್ದಿದೆ ಅಂತೀಯ!" ಎಂದಳು.

ಮುದುಕಿ ತಟ್ಟನೆ ಕಣ್ಣು ಬಿಟ್ಟಳು. "ಬೀಳೋಕೆ ಅದೇನು ಮಾವಿನಕಾಯೇನೇ? ಹೊರಗಿರೋದು ಮಂಜೂ ಅಲ್ಲ, ಸೋನೆ. ಸೋನೆ ಹಿಡಿಯುತ್ತೆ, ಮಂಜು ಮುಸುಕುತ್ತೆ. ಬೇಕಂತಲೇ ನನ್ನ ಕೆಣಕ್ತಾಳೆ ನೋಡಿ, ಈ ಕತೆ ಕೇಳೋ ಚಟ ಇವಳಿಗೆ... ಸರಿ, ಹತ್ತಿರ ಬನ್ನಿ. ಹೇಗೂ ಹೋಗೋ ಹಾಗಿಲ್ಲವಲ್ಲ.

"ನನ್ನನ್ನ ಸಾಕಿದವಳು ನಮ್ಮಪ್ಪನ ಅಕ್ಕ. ಊರಿಗೆಲ್ಲ ಅವಳು ಕೂಗತ್ತೆ. ಯಾಕೆ ಅಂದ್ರೆ, ಬೆಳಗಾದರೆ ಸಾಕು, ಈ ಜೆಟ್ಟಿಯ ಮೇಲಿನ ಮೆಟ್ಟಿಲಲ್ಲಿ ನಿಂತು, ಹೊಳೆ ಕಡೆ ಕಣ್ಣು ಹಾಯಿಸಿ, ಹವಾ ಹೇಗಿದೆ ಅಂತ ದೋಣಿಯವರಿಗೆಲ್ಲ ಕೂಗಿ ಹೇಳೋದು ಅವಳ ಕೆಲಸ. ಮೈಕಿಲ್ಲ, ಗಂಟೆಯಿಲ್ಲ... ಬರೀ ಗಂಟಲು! ಆಚೆ ದಡದಲ್ಲಿ ಬಟ್ಟೆ ಒಗೆಯೋರಿಗೂ ಕೇಳಿಸೋದು. 'ಇಬ್ಬನಿ ಬಿದ್ದಿದೆ' ಅಂದಳೋ, ಹಗ್ಗ ಒದ್ದೆ, ಮೆಟ್ಟಿಲು ಜಾರುತ್ತೆ, ಆದರೆ ದಾರಿ ತಿಳಿ, ಹೊರಡಿ ಅಂತ. 'ಮಂಜು ಮುಸುಕಿದೆ' ಅಂದರೆ ಆಚೆ ದಡ ಕಾಣಲ್ಲ, ನಿಧಾನ. 'ಕಾವಳ ಕವಿದಿದೆ' ಅಂದಳಾ... ಮುಗೀತು. ನಿಮ್ಮ ಲಾಂಚಿನ ಮೂತಿ ನಿಮಗೇ ಕಾಣಲ್ಲ, ಯಾವ ದೊಡ್ಡ ಮನುಷ್ಯ ಬಂದು ಕೂತಿದ್ದರೂ ಹಗ್ಗ ಬಿಚ್ಚೋ ಹಾಗಿಲ್ಲ. ನಾನು ಚಿಕ್ಕವಳಿದ್ದಾಗ ಒಂದಕ್ಕೆ ಇನ್ನೊಂದು ಸೇರಿಸಿ ಮಾತಾಡಿದರೆ ತುಟಿ ಮೇಲೆ ಮೆಲ್ಲಗೆ ತಟ್ಟೋಳು. 'ಗುಬ್ಬೀ, ಊರೋರು ಹೇಗಾದರೂ ಆಡಿಕೊಳ್ಳಲಿ, ನಮ್ಮ ಬಾಯಲ್ಲಿ ತಪ್ಪು ಬಂದರೆ ಹೊಳೇಲಿ ಹೆಣ ಬರುತ್ತೆ' ಅನ್ನೋಳು. ಅವಳು ಕೂಗುತ್ತಿದ್ದಷ್ಟು ಕಾಲ ಒಂದು ಜೀವವೂ ಹೋಗಲಿಲ್ಲ, ಗೊತ್ತಾ ನಿಮಗೆ? ಒಂದೇ ಒಂದೂ ಇಲ್ಲ!

"ಅತ್ತೆ ಮಳೆಗಾಲದ ಕೊನೇಲಿ ತೀರಿಕೊಂಡಳು. ಆ ಚಳಿಗಾಲ ಬಂತು... ಕೂಗೋರು ಯಾರೂ ಇಲ್ಲ, ನಾನೇ ಹವಾ ನೋಡಿಕೊಂಡು ಹೊರಡ್ತಿದ್ದೆ. ಅವತ್ತು ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಲಾಂಚ್ ತುಂಬ ಜನ. ತರಕಾರಿಯವರು, ಪಾಳಿ ಬದಲಾಯಿಸೋ ನರ್ಸುಗಳು, ಮತ್ತೆ ಮುಂದಿನ ಬೀದಿಯ ಟೈಲರ್. ಅವನಪ್ಪನಿಗೆ ಎದೆನೋವು. ಮುದುಕನನ್ನ ತೊಡೆ ಮೇಲೆ ಮಲಗಿಸಿಕೊಂಡು ಆಚೆ ದಡದ ಆಸ್ಪತ್ರೆಗೆ ಹೊರಟಿದ್ದ. ಹಿಂದುಗಡೆ ಇಟ್ಟಿಗೆ ತುಂಬಿದ ದೋಣಿ ಒಂದು. ಅದನ್ನ ನಡೆಸೋನು ಒಬ್ಬನೇ. ಅವನನ್ನ ಮೀಸೆ ಅಂತಿದ್ದೆವು. ಒಳ್ಳೇ ಮನುಷ್ಯ, ಮೀಸೆ ಬಿಟ್ಟರೆ ಜೋರು ಅನ್ನೋದೇ ಇರಲಿಲ್ಲ ಅವನಲ್ಲಿ.

"ನಟ್ಟನಡು ಹೊಳೇಲಿ ಕಾವಳ ಬಂತು. ಹೇಗೆ ಬಂತು ಅಂದ್ರೆ... ಮೇಲಿಂದ ಇಳೀಲಿಲ್ಲ, ದಡದಿಂದ ಹರಿದು ಬರಲಿಲ್ಲ, ಸುತ್ತ ಇದ್ದಕ್ಕಿದ್ದ ಹಾಗೆ ಇತ್ತು. ಚುಕ್ಕಾಣಿ ಹಿಡಿದ ನನ್ನ ಕೈ ನನಗೇ ಮಸುಕು. ಇಂಜಿನ್ ನಿಲ್ಲಿಸಿದೆ. ನಿಮಗೆ ಗೊತ್ತಲ್ಲ, ಕೆಳಗಡೆ ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿದಾರೆ, ನೀರು ಅದರ ಮೇಲಿಂದ ಧುಮುಕುತ್ತೆ. ಆ ಸದ್ದು ಅವತ್ತು ಎಡಗಡೆಯಿಂದಲೂ ಬರ್ತಿದೆ, ಬಲಗಡೆಯಿಂದಲೂ ಬರ್ತಿದೆ! ಯಾವ ಕಡೆ ದಡ, ಯಾವ ಕಡೆ ಸಾವು, ಯಾರು ಹೇಳಬೇಕು?

"ಆಗ ಕೇಳಿಸ್ತು ನೋಡಿ.

"ಕೂಗು... ಉದ್ದಕ್ಕೆ, ಕೊನೇಲಿ ಸ್ವಲ್ಪ ಮೇಲೇರೋ ಕೂಗು. ಅತ್ತೇದೇ! ಅದೇ ಗಂಟಲು, ಅದೇ ಏರು. 'ಬನ್ನೀ... ಈ ಕಡೆ ಬನ್ನೀ...' ನನ್ನ ಮೈಯೆಲ್ಲ ಜುಮ್ಮೆಂದಿತು. ಭಯದಿಂದಲ್ಲ, ಸುಳ್ಳು ಯಾಕೆ ಹೇಳಲಿ, ಸಂತೋಷದಿಂದ. ಸತ್ತ ಮೇಲೂ ನಮ್ಮನ್ನ ಕಾಯೋಕೆ ಬಂದಳಲ್ಲ ಅಂತ ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಮೀಸೆ 'ಬಂದೆ ಅತ್ತೇ!' ಅಂತ ಕೂಗಿದ. ಅವನ ದೋಣಿ ಪಕ್ಕದಲ್ಲೇ ಹಾದು ಹೋಯಿತು, ನೆರಳಿನ ಹಾಗೆ. ಟೈಲರ್ ನನ್ನ ಕೋಟು ಹಿಡಿದುಕೊಂಡ. 'ಅಕ್ಕಾ, ಕರೀತಿದಾಳಲ್ಲ, ಹೋಗಿ ಅಕ್ಕಾ, ನಮ್ಮಪ್ಪ ಉಸಿರು ಎಳೀತಿದಾನೆ!' ನಾನು ಇಂಜಿನ್ ಹಾಕಿದೆ. ಚುಕ್ಕಾಣಿ ತಿರುಗಿಸಿಯೂ ಬಿಟ್ಟೆ.

"ಆಗ ಆ ದನಿ ಅಂತು, 'ಇಬ್ಬನಿ ಕವಿದಿದೆ, ಬಾ ಗುಬ್ಬೀ...'

"ಏನಂದೆ? ಇಬ್ಬನಿ... ಕವಿದಿದೆಯಾ?

"ನನ್ನ ಕೈ ಹಾಗೇ ನಿಂತಿತು. ಜ್ವರದಲ್ಲಿ ಬಡಬಡಿಸುವಾಗಲೂ ಈ ತಪ್ಪು ಆಡದ ಹೆಂಗಸು ಅವಳು! ಸತ್ತರೆ ಉಸಿರು ಹೋಗುತ್ತೆ ಸ್ವಾಮಿ, ನಾಲಿಗೆ ಕೆಡುತ್ತಾ? ಇದು ಅತ್ತೆಯ ಗಂಟಲು ಕದ್ದಿದೆ, ನನ್ನ ಹೆಸರು ಕದ್ದಿದೆ, ಮಾತು ಮಾತ್ರ ಇದಕ್ಕೆ ದಕ್ಕಿಲ್ಲ... ಅಷ್ಟು ಹೊಳೆದದ್ದೇ ತಡ, ಇಂಜಿನ್ ನಿಲ್ಲಿಸಿ ಲಂಗರು ಹಾಕಿದೆ, ಅದರ ಸರಪಳಿ ಮೇಲೆ ಕೂತುಬಿಟ್ಟೆ. 'ಮೀಸೇ, ಹೋಗಬೇಡ! ಅದು ಅತ್ತೆಯಲ್ಲ!' ಅಂತ ಗಂಟಲು ಹರಿಯೋ ಹಾಗೆ ಕಿರುಚಿದೆ. ಅವನ ಇಂಜಿನ್ ಟುಕುಟುಕು ಅಂತ ದೂರ ಹೋಗ್ತಾ ಇತ್ತು... ಹೋಗ್ತಾ ಇತ್ತು... ಆಮೇಲೆ ಇರಲಿಲ್ಲ.

"ಜನ ನನ್ನ ಮೇಲೆ ಬಿದ್ದರು. ಟೈಲರ್ ಅಳ್ತಾ ಸರಪಳಿ ಎಳೆಯೋಕೆ ಬಂದ. ತಳ್ಳಿದೆ. ಎದ್ದು ನಿಂತು, ಮೆಟ್ಟಿಲ ಮೇಲೆ ಅತ್ತೆ ನಿಲ್ತಿದ್ದ ಹಾಗೇ ಸೊಂಟಕ್ಕೆ ಕೈಯಿಟ್ಟು ಆ ಕಾವಳಕ್ಕೇ ಕೂಗಿದೆ. 'ಇಬ್ಬನಿ ಬೀಳುತ್ತೆ ಕಣೇ! ಕವಿಯೋದು ಕಾವಳ! ನಮ್ಮತ್ತೆ ಹೆಸರಲ್ಲಿ ಕೂಗೋಕೆ ಬಂದಿದೀಯಲ್ಲ, ಮೊದಲು ಮಾತು ಕಲಿತು ಬಾ!'

"ಅದು ಸುಮ್ಮನಾಯಿತು. ಎಷ್ಟು ಹೊತ್ತೋ... ಆಮೇಲೆ ಬಹಳ ಹತ್ತಿರ, ಲಾಂಚಿನ ಅಂಚಿಗೇ ಬಾಯಿಟ್ಟ ಹಾಗೆ, ಮೆಲ್ಲಗೆ, ಮಗು ಪಾಠ ಒಪ್ಪಿಸೋ ಹಾಗೆ, '...ಬೀಳುತ್ತೆ?' ಅಂತು.

"ನನ್ನ ಜೊತೆ ಜಗಳಕ್ಕೆ ಬಂದವರೆಲ್ಲ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಬಿಸಿಲು ಏರಿದ ಮೇಲೆ ಕಾವಳ ಹರೀತು. ನೋಡ್ತೀವಿ... ಒಡ್ಡು ಕಣ್ಣಳತೇಲಿದೆ, ನಮ್ಮ ಮೂತಿ ನೇರ ಅದಕ್ಕೇ ತಿರುಗಿದೆ, ಲಂಗರೊಂದೇ ಹಿಡಿದುಕೊಂಡಿದೆ. ಒಡ್ಡಿನ ಕೆಳಗೆ ಮೀಸೆಯ ದೋಣಿ ಹೋಳಾಗಿ ಬಿದ್ದಿತ್ತು. ಮೀಸೆ ಸಿಗಲೇ ಇಲ್ಲ. ಅವನ ಹೆಂಡತಿಗೆ ಹೋಗಿ ಹೇಳಿದವಳು ನಾನೇ. ಈಗಲೂ ಆ ಮನೆ ಬಾಗಿಲ ಕಡೆ ನೋಡದೆ ಹೋಗ್ತೀನಿ. ಟೈಲರನ ಅಪ್ಪ ಬದುಕಿಕೊಂಡ. ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು, 'ನಿಮ್ಮತ್ತೆ ನಿನ್ನನ್ನ ಚೆನ್ನಾಗಿ ಬೆಳೆಸಿದಾಳೆ ಕಣಮ್ಮಾ' ಅಂದ. ನನಗೆ ಅಷ್ಟು ಸಾಕು. ಯಾವ ಸನ್ಮಾನ ಬೇಕು ಹೇಳಿ, ಅದರ ಮುಂದೆ?"

ಮುದುಕಿ ಕೋಟಿನ ಕಾಲರು ಸರಿಮಾಡಿಕೊಂಡು, ರಾಣಿಯಂತೆ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಹೊರಗೆ ಮಳೆ ನಿಂತು, ಹೊಳೆಯ ಮೇಲೆ ಬೆಳ್ಳಗೆ ಏನೋ ಏಳತೊಡಗಿತ್ತು. ಅದಕ್ಕೆ ಯಾವ ಹೆಸರು ಹೇಳಬೇಕೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

"ಆಮೇಲೆ ಅದು ಬರಲಿಲ್ಲವಾ ಅಜ್ಜಿ?" ಎಂದೆ ನಾನು.

"ಬರದೇ ಏನು? ವರ್ಷಾನುಗಟ್ಟಲೆ ಬಂತು. ಮೊದಮೊದಲು ತೊದಲೋದು. 'ಮಂಜು ಬಿದ್ದಿದೆ' ಅನ್ನೋದು, 'ಸೋನೆ ಮುಸುಕಿದೆ' ಅನ್ನೋದು. ನಮ್ಮ ದೋಣಿಯವರು ನಕ್ಕು ಲಂಗರು ಹಾಕೋರು. ಹೋದ ವಾರ ನಾನು ಇದೇ ಮೆಟ್ಟಿಲಲ್ಲಿ ಕೂತಿದ್ದೆ. ಕಾವಳ ದಟ್ಟವಾಗಿ ಕವಿದಿತ್ತು. ಅದರೊಳಗಿಂದ ಅತ್ತೆ ದನಿ ಬಂತು. 'ಇಬ್ಬನಿ ಬಿದ್ದಿದೆ, ಹೊರಡೀ...' ಒಂದು ತಪ್ಪಿಲ್ಲ. ಒಂದು ಅಕ್ಷರ ಆಚೀಚೆ ಇಲ್ಲ."

ಮುದುಕಿ ತಡೆಯಲಾರದೆ, ತುಟಿಯ ಕೊನೆಯಲ್ಲಿ ಸಣ್ಣಗೆ ನಕ್ಕಳು.

"ಎಷ್ಟು ಚೆನ್ನಾಗಿ ಹೇಳಿತು ಗೊತ್ತಾ... ಕಲಿಸಿದವಳು ನಾನೇ ಅಲ್ವಾ?"