ಒಂದು ಹೆಜ್ಜಿ ಹೆಚ್ಚಿಗಿ

ಹೋದ ವರ್ಷ ನಮ್ಮ ಚಿಗವ್ವನ ಮಗ ಹುಲಿಗೇಶಗ ಆಗಿದ್ದಿದು. ಮಾನ್ವಿ ಸಾಲ್ಯಾಗ ಗಣಿತದ ಮಾಸ್ತರ ಅಂವ. ವರ್ಷಕ್ಕ ಎರಡು ತಿಂಗಳು ಮಾತ್ರ ಫೌಜಿನಂವ... ಟೆರಿಟೋರಿಯಲ್ ಆರ್ಮಿ ಅಂತಾರಲ್ಲ, ಅದು. ಕ್ಯಾಂಪ್ ಮುಗಿದ್ರ ಮತ್ತ ಸಾಲಿ, ಬೋರ್ಡು, ಖಡು.

ಅವತ್ತು ಕ್ಯಾಂಪಿನಿಂದ ಬಂದು ನೀರಮಾನ್ವಿ ಕ್ರಾಸಿಗೆ ಇಳದಾಗ ರಾತ್ರಿ ಹನ್ನೊಂದು ದಾಟಿತ್ತು. ಊರಾಗ ಕರೆಂಟ್ ಇರಲಿಲ್ಲ. ಹೆಗಲಿಗೆ ಚೀಲ, ಕಾಲಾಗ ಫೌಜಿ ಬೂಟು. ಠಕ್, ಠಕ್, ಠಕ್... ಹತ್ತಿ ಹೊಲದ ನಡಕ ಅದೊಂದ ಸಪ್ಪಳ.

ಹಳೇ ಬಾವಿ ಹತ್ರ ಬರೂದ್ರಾಗ ಅನುಮಾನ ಬಂತಂತ. ನಿಂತ. ಅಂವ ನಿಂತ ಮ್ಯಾಲ ಹಿಂದ ಇನ್ನೊಂದು ಠಕ್. ಮತ್ತ ನಡದ, ಮತ್ತ ನಿಂತ... ಠಕ್. ಯಾವನೋ ಕಳ್ಳ ಇರಬೇಕಂತ ಹೊಳ್ಳಿ ಟಾರ್ಚ್ ಬಿಟ್ಟ. ಬರೇ ದಾರಿ.

ಆವಾಗ ಬಾವಿ ಕಡಿಂದ ಒಂದು ದನಿ.

"ಥಮ್. ಕೌನ್ ಆತಾ ಹೈ?"

ನಿಲ್ಲು, ಯಾರು ಬರಾಕತ್ತಾರ ಅಂತ ಕ್ಯಾಂಪಿನ್ಯಾಗ ರಾತ್ರಿ ಪಹರೆಯವರು ಕೇಳೋ ಮಾತದು. ಎರಡು ತಿಂಗಳು ಅದಕ್ಕ ಉತ್ತರ ಕೊಟ್ಟು ರೂಢಿಯಾದ ಬಾಯಿ, ಇಂವ ವಿಚಾರ ಮಾಡೂಕಿಂತ ಮೊದ್ಲ ಅಂದುಬಿಡ್ತು.

"ದೋಸ್ತ್."

"ದೋಸ್ತ್, ಆಗೇ ಬಢೋ."

ಮುಂದ ಬಾ ಅಂದ್ರೂ ಹುಲಿಗೇಶ ಕಾಲ ಕಿತ್ತಿಲ್ಲ. ಬೂಟಿನ ಸಪ್ಪಳ ಮಾತ್ರ ಹಿಂದಿಂದ ಬಂತು... ಬಾಜೂಕ ಹಾದು ಮುಂದ ಹೋತು... ಅವರ ಓಣಿಗೆ ತಿರುಗ್ತು. ಮನ್ಯಾಗ ಹೆಂಡತಿ ಸಂಘಮಿತ್ರಾ, ಮೂರು ವರ್ಷದ ಮಗಳು, ಇಬ್ಬರ. ಚೀಲ ಅಲ್ಲೇ ಒಗದು ಓಡಿದ.

ಬಾಗಲಾ ಹಾಕಿತ್ತು. ಬಡದ. ಮತ್ತ ಬಡದ. ಆಮ್ಯಾಲ ಸಂದಿಯೊಳಗಿಂದ ಆಕಿ ದನಿ, ಸಣ್ಣಗ.

"ಯಾರು?"

"ನಾನ... ಬಾಗಲಾ ತಗಿ."

"ಮತ್ತ ಈಗ ಬಂದು ಉಣ್ಣಾಕ ಕುಂತವ್ರು ಯಾರು?"

ಕೂಸಿನ್ನ ಎತಗೊಂಡು ಹೊರಗ ಬಾ ಅಂದ. ಆಕಿ ನಂಬಲಿಲ್ಲ. ಮಗಳ ಎಡಗಾಲ ಮ್ಯಾಲಿನ ಕಲಿ ಹೆಂಗಾತು ಹೇಳ್ರಿ ಅಂದ್ಲು. ಚಾ ಚೆಲ್ಲಿ ಸುಟ್ಟಿದ್ದು ಅಂದ. ಆವಾಗ ಚಿಲಕ ಸರೀತು... ಕಿರ್ರ್.

ಒಳಗ ಮೊಂಬತ್ತಿ ಉರಿಯಾಕತ್ತಿತ್ತು. ತಾಟಿನ್ಯಾಗ ರೊಟ್ಟಿ, ಪುಂಡಿಪಲ್ಯ. ರೊಟ್ಟಿ ನಾಕು ತುಣುಕು ಮುರದಿತ್ತು, ತಿಂದಿದ್ದಿಲ್ಲ. ಯಾರೂ ಇಲ್ಲ. ಹಿತ್ತಲ ಬಾಗಲಾ ಒಳಗಿಂದನ ಹಾಕಿತ್ತು. ಬೂಟಿನ ಸಪ್ಪಳ ಕೇಳಿ ನೀವ ಅಂತ ತಗದೆ, ಕತ್ತಲದಾಗ ಮಾರಿ ಕಾಣಲಿಲ್ಲ, ಮಾತೂ ಆಡಲಿಲ್ಲ, ಬೆಳಕಿಗೆ ಬೆನ್ನು ಮಾಡಿ ಕುಂತ್ರು... ಅಂದ್ಲಂತ ಸಂಘಮಿತ್ರಾ. ಬೆಳಗಾಗೂತನ ಗಂಡನ ಮಾರೀನ ನೋಡಕೋತ ಕುಂತಿದ್ಲು.

ಮೊನ್ನೆ ಈ ವರ್ಷದ ಕ್ಯಾಂಪಿಗೆ ಕರೆ ಬಂತು. ಲಕೋಟಿ ಒಡದವ ನಾನ, ಅದಕ್ಕ ಹೇಳಾಕತ್ತೀನಿ. ಸುಳ್ಳು ಅನ್ನವ್ರು ಬಂದು ನೋಡ್ರಿ. ಒಳಗ ರೈಲಿಗೆ ಹೋಗಾಕ ಕೊಡೋ ವಾರಂಟ್ ಅದ. ಹುಲಿಗೇಶನ ಹೆಸರು, ನಂಬರು, ತಾರೀಖು, ಎಲ್ಲಾ ಸರಿ. ಮಂದಿ ಎಷ್ಟು ಅನ್ನೋ ಜಾಗದಾಗ ಎರಡು ಅಂತ ಬರದದ.