ಸುದ್ದಿ ಅಕ್ಕನ ಅರ್ಜಿ

ಈ ಶ್ರದ್ಧಾಂಜಲಿ ಸಭೆಯ ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರಿಗಿರುವ ಸಹೋದ್ಯೋಗಿಗಳಿಗೆ, ಮೊದಲ ಸಾಲಿನಲ್ಲಿ ಕುಳಿತಿರುವ ಅಕ್ಕನ ಯಜಮಾನರಿಗೆ, ಅತ್ತೆಯವರಿಗೆ, ಪುಟ್ಟ ಮಗಳಿಗೆ — ನಮಸ್ಕಾರ. ನಾನು ನೌಕರರ ಕಲ್ಯಾಣ ಶಾಖೆಯಲ್ಲಿ ಅಕ್ಕನ ಪಕ್ಕದ ಮೇಜಿನವಳು. ಏಳು ತಿಂಗಳ ಕೂಸಿನ ತಾಯಿ. ಸರಿಯಾಗಿ ನಿದ್ದೆ ಮಾಡಿ ಬಹಳ ದಿನವಾಯಿತು. ಮಾತು ದಾರಿ ತಪ್ಪೀತೆಂಬ ಭಯಕ್ಕೆ ಬರೆದುಕೊಂಡು ಬಂದಿದ್ದೇನೆ. ಎರಡು ನಿಮಿಷದಲ್ಲಿ ಮುಗಿಸಿ ಎಂದಿದ್ದಾರೆ — ಮುಗಿಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಈ ವಿಶ್ವವಿದ್ಯಾಲಯದ ನೌಕರರ ವಾರ್ತಾಪತ್ರವನ್ನು ಹದಿನಾಲ್ಕು ವರ್ಷ ಬರೆದವರು ಯಾರು? ಅಕ್ಕ. ತಿದ್ದಿದವರು? ಅಕ್ಕ. ಪ್ರೆಸ್ಸಿನಿಂದ ಕಟ್ಟು ಹೊತ್ತು ತಂದು, ಮಹಡಿ ಮಹಡಿ ಹತ್ತಿ ಹಂಚಿದವರು? ಅವರೇ. ಅದಕ್ಕೇ ನಾವೆಲ್ಲ ಅವರನ್ನು ಸುದ್ದಿ ಅಕ್ಕ ಎನ್ನುತ್ತಿದ್ದುದು. ಮೊದಲ ಪುಟದಲ್ಲಿ ಸೌಲಭ್ಯಗಳ ಸುದ್ದಿ — ಯಾವ ರಜೆ ಯಾರಿಗೆ, ಯಾವ ಅರ್ಜಿಗೆ ಯಾವುದು ಕಡೆಯ ದಿನ. ಕೊನೆಯ ಪುಟದಲ್ಲಿ ‘ಇವರೂ ಇದ್ದರು’ ಅಂಕಣ. ಚರಿತ್ರೆಯ ಪುಸ್ತಕದಲ್ಲಿ ಒಂದು ಸಾಲೂ ಸಿಗದವರ ಕತೆ. ಕಿವಿ ಕೇಳದ ಗಡಿಯಾರ ರಿಪೇರಿಯವನು, ದೋಣಿ ಕಟ್ಟುವುದನ್ನು ಕಲಿತ ವಿಧವೆ, ಸೆರೆಮನೆಯಲ್ಲಿ ಅಕ್ಷರ ಕಲಿತು ಶಾಲೆ ತೆರೆದ ಅಗಸಗಿತ್ತಿ. ‘ಮೊದಲನೇ ಪುಟ ಕೆಳಗಿನ ಮಹಡಿಯವರಿಗೆ, ಕೊನೇದು ಮೇಲಿನ ಮಹಡಿ ಸಾಹೇಬ್ರಿಗೆ ಕಣೇ’ ಎಂದು ನಗುತ್ತಿದ್ದರು.

ಅಚ್ಚಿಗೆ ಹೋಗುವ ಮೊದಲು ಪ್ರತಿ ಸುದ್ದಿಯನ್ನೂ ನಮ್ಮ ಮಹಡಿ ಗುಡಿಸುವ ಅಮ್ಮನಿಗೆ ಓದಿ ಹೇಳುವುದು ಅವರ ಪದ್ಧತಿ. ಆ ಅಮ್ಮನಿಗೆ ಅರ್ಥವಾಗದಿದ್ದರೆ ಹರಿದು ಮತ್ತೆ ಬರೆಯುವುದು. ಒಮ್ಮೆ ಸುತ್ತೋಲೆಯಲ್ಲಿ ‘ಅರ್ಹ ಫಲಾನುಭವಿಗಳು’ ಎಂದಿತ್ತು. ಅಮ್ಮ ಪೊರಕೆ ಗೋಡೆಗೆ ಒರಗಿಸಿ ಕೇಳಿದರು, ‘ಅಂದ್ರೆ ಯಾರವ್ವಾ, ನಾನಾ, ಸಾಹೇಬ್ರಾ?’ ಆ ತಿಂಗಳ ತಲೆಬರಹ ‘ಇದು ನಿಮಗೂ ಉಂಟು’ ಎಂದಾಯಿತು. ಅಲ್ಲಿ ಹಿಂದೆ ಕುಳಿತಿದ್ದಾರೆ ಆ ಅಮ್ಮ. ಇವತ್ತು ಯಾರೂ ಅವರನ್ನು ಮಾತಾಡಿ ಎಂದು ಕರೆಯಲಿಲ್ಲ.

ನನ್ನ ಹೆರಿಗೆ ರಜೆಯ ಕಾಗದ ಎರಡು ಸಲ ಕಳೆದುಹೋಯಿತು. ಆಗ ನನಗೆ ಎಂಟು ತಿಂಗಳು ತುಂಬಿತ್ತು. ಮೂರನೇ ಸಲ ಅಕ್ಕ ಅದನ್ನು ಕೈಯಲ್ಲೇ ಹಿಡಿದು ಬೆಳಗ್ಗೆಯಿಂದ ಆಡಳಿತ ವಿಭಾಗದ ಬೆಂಚಿನ ಮೇಲೆ ಕೂತರು. ‘ಊಟಕ್ಕೆ ಹೋಗ್ಬನ್ನಿ ಮೇಡಂ’ ಎಂದು ಅಲ್ಲಿಯವರು ಅಂದರೆ, ‘ನೀವು ಹೋಗ್ಬನ್ನಿ, ಸಹಿ ಹಾಕೋ ಕೈಗೆ ಶಕ್ತಿ ಬರ್ಲಿ’ ಎಂದರಂತೆ. ಸಂಜೆಗೆ ಸಹಿಯಾಯಿತು.

ಈಗ ಅವರದೇ ಕಾಗದದ ಕತೆ ಹೇಳುತ್ತೇನೆ — ದಯವಿಟ್ಟು ಕೇಳಿ.

ಹೋದ ವರ್ಷ ನಮ್ಮಂಥ ತಾತ್ಕಾಲಿಕ ನೌಕರರಿಗೂ ಕುಟುಂಬದ ಆರೋಗ್ಯ ಕಾರ್ಡು ಎಂದು ಆದೇಶವಾಯಿತು. ಅರ್ಜಿಗೆ ಆಯಾ ಶಾಖೆಯ ಮುಖ್ಯಸ್ಥರ ಸಹಿ ಬೇಕು. ಅಕ್ಕ ಮೂರು ಸಂಚಿಕೆಗಳಲ್ಲಿ ಬರೆದರು, ಮನೆಮನೆಗೆ ಹೋದಂತೆ ಕೋಣೆಕೋಣೆಗೆ ಹೋದರು. ಮುನ್ನೂರಕ್ಕೂ ಹೆಚ್ಚು ಜನರಿಗೆ ಕಾರ್ಡು ಬಂತು. ಇಲ್ಲಿ ಕೂತಿರುವ ಎಷ್ಟೋ ಜನರ ಜೇಬಿನಲ್ಲಿ ಅದು ಈಗಲೂ ಇದೆ. ಅಕ್ಕನಿಗೆ ಬರಲಿಲ್ಲ. ಏಕೆಂದರೆ ನಮ್ಮ ಶಾಖೆಗೆ ಮೂರು ವರ್ಷದಿಂದ ಮುಖ್ಯಸ್ಥರೇ ಇಲ್ಲ. ಪ್ರಭಾರ ಕುಲಸಚಿವರದು. ಅವರ ಕಚೇರಿಗೆ ಹೋದ ಅರ್ಜಿ ಮೂರು ಸಲ ಒಂದೇ ಷರಾ ಹೊತ್ತು ವಾಪಸು ಬಂತು: ‘ಪ್ರಭಾರದಲ್ಲಿರುವವರು ಸಹಿ ಮಾಡುವಂತಿಲ್ಲ, ಕಾಯಂ ಮುಖ್ಯಸ್ಥರ ಮೂಲಕ ಸಲ್ಲಿಸಿ.’ ಇಲ್ಲದ ಮುಖ್ಯಸ್ಥರ ಮೂಲಕ!

ಎದೆನೋವು ಆಗಲೇ ಶುರುವಾಗಿತ್ತು. ಆಸ್ಪತ್ರೆಗೆ ಹೋಗೋಣ ಬನ್ನಿ ಅಕ್ಕಾ ಎಂದು ಎಷ್ಟು ಬಾರಿ ಅಂದಿದ್ದೇನೋ. ಕಾರ್ಡು ಬರಲಿ, ಮಗಳ ಕಾಲಿನದೂ ನನ್ನದೂ ಚಿಕಿತ್ಸೆ ಒಟ್ಟಿಗೇ ಆಗುತ್ತದೆ ಎನ್ನುತ್ತಿದ್ದರು.

ಅರ್ಜಿ ಮೂರನೇ ಸಲ ವಾಪಸು ಬಂದ ತಿಂಗಳೇ ವಿಶ್ವವಿದ್ಯಾಲಯದವರು ‘ಇವರೂ ಇದ್ದರು’ ಅಂಕಣದ ಚಿತ್ರಗಳನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಇದೇ ಕಟ್ಟಡದ ಮೊಗಸಾಲೆಯಲ್ಲಿ ಪ್ರದರ್ಶನವಿಟ್ಟರು. ಎಲ್ಲ ಬಗೆಯ ಜನರನ್ನೂ ಗೌರವಿಸುವ ವಾರವಂತೆ. ಹೂಗುಚ್ಛ, ಭಾಷಣ, ಚಪ್ಪಾಳೆ. ಕಾಣದ ಕೈಗಳನ್ನು ಗುರುತಿಸುವುದೇ ನಾಗರಿಕತೆ ಎಂದು ಕುಲಸಚಿವರು ಅಂದು ಹೇಳಿದ ಮಾತನ್ನು ನಾನೇ ಬರೆದುಕೊಂಡಿದ್ದೆ. ಅಂಕಣ ಬರೆದವರು ಯಾರೆಂದು ಒಂದು ಚೀಟಿ ಕೂಡ ಅಂಟಿಸಿರಲಿಲ್ಲ. ಅಕ್ಕ ಹಿಂದಿನ ಸಾಲಿನಲ್ಲಿ, ಕುರ್ಚಿ ಸಿಗದೆ, ನಿಂತಿದ್ದರು. ಹತ್ತು ದಿನದ ಮೇಲೆ ಜೆರಾಕ್ಸ್ ಕೋಣೆಯಲ್ಲಿ ಕುಸಿದರು. ಕೈಯಲ್ಲಿ ಮುಂದಿನ ಸಂಚಿಕೆಯ ಕರಡು.

ಇಲ್ಲಿ ಮಾತಾಡಿದವರೆಲ್ಲ ವಿಧಿ ಎಂದರು. ವಿಧಿಯಲ್ಲ ಸ್ವಾಮಿ — ಷರಾ.

ಆ ಷರಾ ಯಾವ ನಿಯಮದ ಪ್ರಕಾರ ಎಂದು ಈ ನಾಲ್ಕು ವಾರ ಹುಡುಕಿದೆ. ನಿಯಮಪುಸ್ತಕದಲ್ಲಿ ಇಲ್ಲ. ಯಾವ ಆದೇಶದಲ್ಲೂ ಇಲ್ಲ. ಎಂದೋ ಒಂದು ಹಳೆಯ ಫೈಲಿನಲ್ಲಿ ಯಾರೋ ಗೀಚಿದ್ದನ್ನು ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡುತ್ತ ಬಂದಿದ್ದಾರೆ, ಅಷ್ಟೆ. ಟಪಾಲು ವಿಭಾಗದವರನ್ನು ಕೇಳಿದರೆ, ‘ಮೊದಲಿಂದ ಹಂಗೇ ಬರೀತೀವಮ್ಮಾ’ ಎಂದರು. ಮೊದಲಿಂದ ಹಂಗೇ! ಒಂದು ಜೀವ ಹೋಯಿತಲ್ಲ.

ಅಕ್ಕನ ಮಗಳು ಪುಟ್ಟಿಯ ಕಾಲಿಗೆ ಒಂದು ಶಸ್ತ್ರಚಿಕಿತ್ಸೆ ಆಗಿದೆ. ಮೂಳೆ ಬಲಿಯುವ ಮೊದಲು ಇನ್ನೊಂದು ಆಗಬೇಕು, ಈ ವರ್ಷವೇ. ಅರ್ಜಿ ಬಾಕಿಯಿರುವಾಗ ನೌಕರರು ತೀರಿಕೊಂಡರೆ, ಮೂವತ್ತು ದಿನದೊಳಗೆ ಸಹಿಯಾದರೆ ಕುಟುಂಬಕ್ಕೆ ಕಾರ್ಡು ಸಿಗುತ್ತದೆ. ಇದು ನಿಜವಾಗಿಯೂ ನಿಯಮದಲ್ಲಿದೆ. ಇವತ್ತು ಇಪ್ಪತ್ತೊಂಬತ್ತನೇ ದಿನ. ನಾಳೆ ಕಚೇರಿಗೆ ರಜೆ.

ಈ ಮಾತಿಗೆ ನನ್ನ ಮುಂದಿನ ನೇಮಕದ ಆದೇಶ ಬರದೆಯೂ ಇರಬಹುದು. ಮನೆಯಲ್ಲಿ ಕೂಸಿದೆ, ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಅಕ್ಕನ ಅರ್ಜಿಯನ್ನು ತಂದಿದ್ದೇನೆ. ಇಗೋ, ಕುಲಸಚಿವರ ಮುಂದೆಯೇ ಇಡುತ್ತಿದ್ದೇನೆ — ಪೆನ್ನೂ ಇದೆ.

ಈಗ ಅಕ್ಕನಿಗಾಗಿ ಎರಡು ನಿಮಿಷ ಮೌನವಾಗಿರೋಣ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಪುಟ್ಟೀ, ನೀನು ಅಜ್ಜಿಯ ಕೈ ಹಿಡಿದುಕೋ ಕಂದಾ, ಆಗದಿದ್ದರೆ ಕೂತೇ ಇರು.

ಕುಲಸಚಿವರೇ, ತಾವು ಏಳಬೇಡಿ. ಕೂತರೆ ಸಹಿ ಹಾಕುವುದು ಸುಲಭ. ನಾವು ನಿಂತಿರುತ್ತೇವೆ.