ಲಕ್ಷ ಜನ ನೋಡಿದ ಹಾಲು

ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದ ರಂಜಿತಳ ಪಕ್ಕದಲ್ಲೇ ಇಬ್ಬರು ಹೆಂಗಸರ ಮಾತು ಉಕ್ಕುತ್ತಿತ್ತು.

“ಬೆಟ್ಟಕ್ಕ, ನೀನು ಹಾಲು ಕರೆಯೋ ವಿಡಿಯೋನ ಲಕ್ಷ ಜನ ನೋಡವ್ರಂತೆ!”

“ಊಂ ಕಣೆ! ಅದ್ಕೇ ಬೆಳಿಗ್ಗೆ ರೇಸ್ಮೆ ಸೀರೆ ಉಟ್ಕೊಂಡೇ ಕರೆಯಕ್ಕೆ ಕೂತೆ. ಮೊಮ್ಮಗಳು ಮೊಬೈಲು ಹಿಡ್ಕೊಂಡು ನಿಂತ್ಲು.”

“ಹಸ ಸುಮ್ಕಿತ್ತಾ?”

“ನನ್ ಗುರುತೇ ಸಿಕ್ಕಿಲ್ಲ ಅದ್ಕೆ. ಒದ್ಬುಡ್ತು! ಒಂದು ತೊಟ್ಟು ಹಾಲೂ ಇಳಿಸ್ಲಿಲ್ಲ.”

“ಅದ್ಕೆ ನಿನ್ ಹಳೇ ಸೀರೆ ವಾಸ್ನೆ ಕಣಕ್ಕ ಗೊತ್ತಿರೋದು. ಸಂಜೆಗೆ ಅದ್ನೇ ಉಟ್ಕೊ.”

“ಲಕ್ಷ ಜನದ ಮುಂದೆ ಆ ಹರಕಲು ಸೀರೆನಾ? ಆಗಾಕಿಲ್ಲ ಬುಡು, ಸಂಜೆಗೂ ರೇಸ್ಮೆದೇ!”

ಅಷ್ಟರಲ್ಲಿ ಸಿಂಧಘಟ್ಟದ ಬಸ್ಸು ಬಂತು. ಬೆಟ್ಟಕ್ಕ ಚೀಲವನ್ನು ಎದೆಗೊತ್ತಿಕೊಂಡು ನುಗ್ಗಿದಳು. ಚೀಲದ ಬಾಯಿಂದ ಅಂಗಡಿ ಹಾಲಿನ ಎರಡು ಪಾಕೀಟು ಇಣುಕುತ್ತಿದ್ದವು.